ಹಿಂಗಾಲಿನ ಬಿಳಿ

ಪ್ಯಾರಿಸ್
ಜನವರಿ ೨೧, ೧೮೨೭, ಭಾನುವಾರ

ನನ್ನ ಪೆರಿನಕ್ಕಾ,

ಈ ಪತ್ರವನ್ನು ಮೊದಲು ನೀನೊಬ್ಬಳೇ ಓದಿಕೋ. ಅಪ್ಪನಿಗೆ ಓದಿ ಹೇಳುವಾಗ ನನ್ನ ಕೆಮ್ಮು ಬಿಟ್ಟಿದೆ, ಉರ್ಸುಲ್ ಚಿಕ್ಕಮ್ಮ ಹೊಟ್ಟೆ ತುಂಬ ಸೂಪು ಬಡಿಸುತ್ತಾಳೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ ಎಂಬಷ್ಟನ್ನು ಗಟ್ಟಿಯಾಗಿ ಓದಿದರೆ ಸಾಕು. ಅಪ್ಪನ ಕಣ್ಣಿನ ಪೊರೆ ಹೇಗಿದೆ? ಬಾಗಿಲ ಬೆಳಕಾದರೂ ಕಾಣುತ್ತದೆಯೇ? ಉಳಿದದ್ದು ನಿನಗೆ ಮಾತ್ರ.

ಅಲ್ಲಿ ಏನು ಕೆಲಸ ಮಾಡುತ್ತೀಯ ಎಂದು ನೀನು ಕೇಳಿದ್ದೆ. ಚಿಕ್ಕಮ್ಮ ಚಿತ್ರಗಳಿಗೆ ಬಣ್ಣ ತುಂಬುವ ಕಲ್ಲಚ್ಚಿನ ಮನೆಯಲ್ಲೇ ನನಗೂ ಕೆಲಸ ಸಿಕ್ಕಿದೆ. ಯಜಮಾನರ ಹೆಸರು ರೂಬೊ. ಚಿತ್ರಗಾರರು ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ಚಿತ್ರ ಬರೆದು ಕೊಡುತ್ತಾರೆ. ಅಚ್ಚಿನವರು ಆ ಕಲ್ಲನ್ನು ಒದ್ದೆ ಮಾಡಿ, ಮಸಿ ಉರುಳಿಸಿ, ಮೇಲೆ ಕಾಗದವಿಟ್ಟು ಒತ್ತುತ್ತಾರೆ. ಇನ್ನೂರು ಮುನ್ನೂರು ಹಾಳೆ ತೆಗೆದ ಮೇಲೆ ಕಲ್ಲು ನನ್ನ ಬಳಿ ಬರುತ್ತದೆ. ಎರಡು ಕಲ್ಲುಗಳ ನಡುವೆ ಮರಳು, ನೀರು ಹಾಕಿ, ಒಂದರ ಮೇಲೊಂದನ್ನು ಗುಂಡಗೆ ಆಡಿಸುತ್ತ ಹಳೆಯ ಚಿತ್ರ ಪೂರ್ತಿ ಹೋಗುವ ತನಕ ತಿಕ್ಕಬೇಕು. ಮಾತಾಡಬೇಕಾದ್ದಿಲ್ಲ, ಅದೇ ನನಗೆ ಹಿತ. ತಿಕ್ಕಿ ಒಣಗಿದ ಕಲ್ಲನ್ನು ಮಾತ್ರ ಬೆರಳಿನಿಂದ ಮುಟ್ಟುವಂತಿಲ್ಲ. ಮುಟ್ಟಿದಾಗ ಏನೂ ಕಾಣುವುದಿಲ್ಲ. ಮಸಿ ಉರುಳಿಸಿದ ಕೂಡಲೇ ಬೆರಳಿನ ಗುರುತು ಕಪ್ಪಗೆ ಎದ್ದು ನಿಲ್ಲುತ್ತದೆ. ಆಗ ಯಜಮಾನರು ಎಲ್ಲರ ಕೈ ಹಿಡಿದು ಹಿಡಿದು ನೋಡುತ್ತಾರೆ.

ಈ ವರ್ಷ ಇಲ್ಲಿ ಎಲ್ಲರಿಗೂ ಗೋಡೆಯ ಮೇಲೆ ಕುದುರೆ ಬೇಕು. ನಮ್ಮ ಕುದುರೆಗಳಂಥವಲ್ಲ. ಸಿಡಿಲಿಗೆ ಬೆದರಿ ಎರಡೇ ಕಾಲ ಮೇಲೆ ನಿಂತವು, ಸಿಂಹ ಮೈಮೇಲೆ ಎರಗಿದವು, ಸತ್ತ ಸವಾರನನ್ನು ಮೂಸಿ ಅಳುವವು. ಒಂದರ ಮೂಗಿನ ಹೊಳ್ಳೆಯಲ್ಲಿ ನನ್ನ ಮುಷ್ಟಿಯೇ ಹೋದೀತು. ಅಪ್ಪನಿಗೆ ಕಣ್ಣಿದ್ದು ನೋಡಿದ್ದರೆ, "ಹೊಟ್ಟೆಶೂಲೆ ಕಣೇ ಇದಕ್ಕೆ, ಎಣ್ಣೆ ಕುಡಿಸಿ ನಾಲ್ಕು ಸುತ್ತು ನಡೆಸು" ಎನ್ನುತ್ತಿದ್ದ. ಹಾಗೆಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಕುಂಚ ಬಿಟ್ಟು ನಕ್ಕಳು. "ಅಲ್ವೇ ಹುಡುಗಿ, ತೆಪ್ಪಗೆ ನಿಂತು ಹುಲ್ಲು ತಿನ್ನೋ ಕುದುರೇನ ದುಡ್ಡು ಕೊಟ್ಟು ಯಾರ್ ನೋಡ್ತಾರೆ? ಬೀದೀಗ್ ಬಂದ್ರೆ ಸಾಲದಾ?" ಎಂದಳು.

ಆದರೆ ಕಳೆದ ಮಂಗಳವಾರ ಒಣಗಲು ಹಾಕಿದ ಹಾಳೆಗಳ ಸಾಲಿನಲ್ಲಿ ತೆಪ್ಪಗೆ ನಿಂತ ಕುದುರೆಯೊಂದು ಕಂಡಿತು. ದಪ್ಪ ಕಾಲಿನ ನಮ್ಮ ಕಡೆಯ ಹೆಣ್ಣು ಕುದುರೆ. ಬೆನ್ನ ಕಡೆಯಿಂದ ಬರೆದಿದ್ದಾರೆ. ಅವಳು ತಲೆ ಮಾತ್ರ ಹಿಂದಕ್ಕೆ ತಿರುಗಿಸಿ, ಯಾರೋ ಕರೆದರೇನೋ ಎಂಬಂತೆ ನೋಡುತ್ತಿದ್ದಾಳೆ. ಬೂದು ಮೈಮೇಲೆ ಚುಕ್ಕೆ, ಜೋತ ಕೆಳತುಟಿ, ಗಬ್ಬದ ಹೊಟ್ಟೆ. ಹಣೆಯಲ್ಲಿ ಒಂದರ ಕೆಳಗೊಂದು ಎರಡು ಸುಳಿ. ಒಂದು ಹಿಂಗಾಲು ಬಿಳಿ. ಅಕ್ಕಾ, ಅವಳು ನಮ್ಮ ಗ್ರೀವ್. ಆಣೆ ಮಾಡಿ ಹೇಳುತ್ತೇನೆ. ಹಿಂದಿನ ಕಾರ್ಮೋಡ ಮಾತ್ರ ಚಿತ್ರಗಾರರ ಕಟ್ಟುಕತೆ ಇರಬೇಕು.

ಚಿತ್ರಗಾರರ ಹೆಸರು ಕೊರ್ವಾಲ್. ನವೆಂಬರ್ ಕೊನೆಯ ಶಾರ್ತ್ರ್ ಕುದುರೆ ಸಂತೆಯಲ್ಲಿ ಅವಳನ್ನು ನೋಡಿ ಬರೆದುಕೊಂಡರಂತೆ. ಅದನ್ನು ನಾನಾಗಿ ವಿಚಾರಿಸಲಿಲ್ಲ, ಅವರು ಯಜಮಾನರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಗ್ರೀವ್ ನಮ್ಮ ಲಾಯದಿಂದ ಕಾಣೆಯಾದದ್ದು ನವೆಂಬರ್ ಇಪ್ಪತ್ತೇಳಕ್ಕೆ. ಅಲ್ಲಿಂದ ಶಾರ್ತ್ರ್‌ಗೆ ಮೂರು ದಿನದ ನಡಿಗೆ. ಸರಿಹೋಗುತ್ತದೆ.

ಅವಳ ಹಗ್ಗ ಹಿಡಿದು ಒಬ್ಬ ಗಂಡಸು ನಿಂತಿದ್ದಾನೆ. ಅವನ ಬೆನ್ನಷ್ಟೇ ಕಾಣುತ್ತದೆ. ಕುಳ್ಳ, ಅಗಲ ಭುಜ, ಕಿವಿಯ ತನಕ ಇಳಿದ ಟೋಪಿ. ಆ ವಾರ ಬ್ಲೇಸ್ ಭಾವ ಮೂರು ದಿನ ಮನೆಯಲ್ಲಿ ಇರಲಿಲ್ಲವಲ್ಲ? ಸೇಬಿನ ಗಾಣಕ್ಕೆ ಹೋಗಿದ್ದಾನೆ ಎಂದು ನೀನು ಹೇಳಿದೆ. ಹೋದದ್ದನ್ನು ನಾನು ನೋಡಲಿಲ್ಲ. ಹಾಳೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅಚ್ಚಿನವನ ಹೆಬ್ಬೆರಳು ಮೂಲೆಗೆ ತಗುಲಿ ಕೆಟ್ಟದ್ದರಿಂದ ನನಗೆ ಕೊಟ್ಟರು. ಆ ಬೆನ್ನು ಭಾವನದ್ದೋ ಅಲ್ಲವೋ, ನೀನೇ ನೋಡಿ ಹೇಳು. ಅಲ್ಲವೆಂದರೆ ನಂಬುತ್ತೇನೆ.

ಇಷ್ಟು ವರ್ಷ ನಮ್ಮ ಲಾಯದಲ್ಲಿ ದುಡಿದ ಜೆರ್ವೆ ಈ ಕಳವಿಗಾಗಿ ಅಲಾಂಸೊಂ ಜೈಲಿನಲ್ಲಿದ್ದಾನೆ. ಮಾರ್ಚ್ ಐದಕ್ಕೆ ವಿಚಾರಣೆಯಂತೆ. ಆಳಾದವನು ಧಣಿಯ ಮನೆಯಲ್ಲಿ ಕದ್ದರೆ ಐದು ವರ್ಷಕ್ಕೆ ಕಡಿಮೆ ಇಲ್ಲ ಎಂದು ಚಿಕ್ಕಮ್ಮ ಹೇಳಿದಳು. ಈಸ್ಟರ್ ಕಳೆದ ಮೇಲೆ ನಮ್ಮ ಮದುವೆ ಎಂದು ಅಪ್ಪ ಗೊತ್ತು ಮಾಡಿದ್ದ. ಅವನ ಹೆಸರನ್ನು ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆದುಬಿಟ್ಟೆ.

ನಿನ್ನ ತಂಗಿ,
ಯುಲಾಲಿ

ಮರೆತ ಮಾತು: ಹಾಳೆಯನ್ನು ಭಾವನಿಗೆ ತೋರಿಸಬೇಡ. ಜೆರ್ವೆಗೆ ಯಾರಾದರೂ ಉಣ್ಣೆಯ ಕಾಲುಚೀಲ ಒಯ್ದು ಕೊಟ್ಟರೇ?


ಸೇಬಿನ ತೋಟದ ಮನೆ, ಮೊರ್ತಾನ್ಯ ಹತ್ತಿರ
ಫೆಬ್ರವರಿ ೪, ೧೮೨೭

ಪ್ಯಾರಿಸಿನ ಯುಲಾಲಿಗೆ,

ನೀನು ಹೊಸಿಲು ದಾಟಿ ಎರಡು ತಿಂಗಳಾಗಿಲ್ಲ, ಆಗಲೇ ಅಲ್ಲಿ ಕೂತು ನಮ್ಮ ಬೆನ್ನು ನೋಡುವುದನ್ನು ಕಲಿತುಬಿಟ್ಟೆ. ನಿನ್ನ ಪತ್ರ ಬಂದಾಗ ಹಂದಿ ಕೊಯ್ದ ಮಾಂಸಕ್ಕೆ ಉಪ್ಪು ಹಚ್ಚುತ್ತಿದ್ದೆ. ಉಪ್ಪಿನ ಕೈಯಲ್ಲೇ ಓದಿದೆ.

ನಿನ್ನ ಭಾವನ ಬೆನ್ನನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಚಿತ್ರದವನದ್ದು ನೆಟ್ಟಗಿನ ಬೆನ್ನು. ಬ್ಲೇಸನದ್ದು ಹೊರೆ ಇಲ್ಲದಾಗಲೂ ಹೊರೆ ಹೊತ್ತಂತೆ ಬಾಗಿರುವುದು ನಿನಗೆ ಮರೆತೇಹೋಯಿತೇ? ಆ ಮೂರು ದಿನವೂ ಅವನು ಗಾಣದಲ್ಲಿದ್ದ. ಗಾಣದವನನ್ನು ಕೇಳು, ಪಾದ್ರಿಗಳನ್ನು ಕೇಳು, ಅವರ ಸೇಬೂ ಅಲ್ಲೇ ಇತ್ತು. ನಿನ್ನ ಮಾತು ತಿಳಿದರೆ ಆ ಪಾಪದ ಮನುಷ್ಯ ಊಟ ಬಿಡುತ್ತಾನೆ. ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಇನ್ನು ನಿನ್ನ ಕುದುರೆ. ಅದಕ್ಕೆ ಬಲ ಹಿಂಗಾಲು ಬಿಳಿ. ನಮ್ಮ ಗ್ರೀವ್‌ಗೆ ಎಡ ಹಿಂಗಾಲು ಬಿಳಿ. ಎಂಟು ಚಳಿಗಾಲ ಆ ಕಾಲಿನ ಕೆಸರು ತೊಳೆದವಳು ನಾನು, ನೀನಲ್ಲ. ನೀನು ಬೇಲಿಗೆ ಒರಗಿ ನಿಂತು, "ನಮ್ ಗ್ರೀವ್ ಎಷ್ಟ್ ಚಂದ ಅಲ್ವಾ" ಎನ್ನುತ್ತಿದ್ದೆ, ಅಷ್ಟೇ. ಎರಡು ಸುಳಿಯ ಕುದುರೆ ಈ ಸೀಮೆಯಲ್ಲಿ ನೂರಿವೆ.

ಅಷ್ಟೇ ಅಲ್ಲ, ಬಾಲ ನೋಡು. ಮಾರಾಟದ ಗುರುತಾಗಿ ಬಾಲಕ್ಕೆ ಹುಲ್ಲು ಹೆಣೆದಿದ್ದಾರಲ್ಲ, ಆ ಜಡೆ ಬಲಕ್ಕೆ ವಾಲಿದೆ, ತುದಿಯನ್ನು ಬಲಗಡೆಯೇ ಸಿಕ್ಕಿಸಿದ್ದಾರೆ. ಲೋಕದ ಹೆಂಗಸರೆಲ್ಲ ಹಾಗೇ ಹೆಣೆಯುವುದು. ಅಮ್ಮ ಹೋದ ಮೇಲೆ ನಮ್ಮ ಲಾಯದಲ್ಲಿ ಹುಲ್ಲು ಹೆಣೆಯುವವಳು ನಾನೊಬ್ಬಳೇ, ನಾನು ಎಡಗೈಯವಳು, ನನ್ನ ಜಡೆ ಎಡಕ್ಕೆ ವಾಲುತ್ತದೆ. ಸಂತೆಯಲ್ಲಿ ಎಲ್ಲರೂ ಅದನ್ನು ಹೇಳಿ ನಗುತ್ತಾರೆ. ಅಪ್ಪನನ್ನೇ ಕೇಳು. ಈಗ ಕಣ್ಣಿಲ್ಲದಿದ್ದರೂ ಬಾಲ ಮುಟ್ಟಿದರೆ ಸಾಕು, "ಇದು ಪೆರಿನ್ ಕೈ" ಎಂದು ಹೇಳುತ್ತಾನೆ. ಆದ್ದರಿಂದ ಆ ಕುದುರೆ ನಮ್ಮದಲ್ಲ, ನಮ್ಮ ಮನೆಯಿಂದ ಹೋದದ್ದೂ ಅಲ್ಲ. ಇಲ್ಲಿಗೆ ಇದನ್ನು ಬಿಡು.

ಜೆರ್ವೆಯ ಹೆಸರು ಬರೆದು ಕಣ್ಣೀರು ಹಾಕಬೇಡ. ಪೊಲೀಸರ ಮುಂದೆ, "ಆ ಗೇಟನ್ನು ಸದ್ದಿಲ್ಲದೆ ತೆಗೆಯಲು ಜೆರ್ವೆಗೆ ಬಿಟ್ಟು ಇನ್ಯಾರಿಗೂ ಬರುವುದಿಲ್ಲ" ಎಂದವಳು ನಾನಲ್ಲ, ನೀನು. ಅವರು ಬರೆದುಕೊಂಡರು, ನೀನು ಸಹಿ ಹಾಕಿದೆ. ಈಗ ಮಾತು ಬದಲಿಸಿದರೆ ಸುಳ್ಳುಸಾಕ್ಷಿ ಎಂದು ನಿನ್ನನ್ನೇ ಒಳಗೆ ಕೂರಿಸುತ್ತಾರೆ. ಅಕ್ಕನಾಗಿ ಹೇಳುತ್ತಿದ್ದೇನೆ.

ಅಪ್ಪ ಚೆನ್ನಾಗಿದ್ದಾನೆ. ದಿನಾ ಬೆಳಿಗ್ಗೆ ಲಾಯದ ತನಕ ಗೋಡೆ ಹಿಡಿದು ಹೋಗಿ, ಖಾಲಿ ಗೋದಲಿ ತಡವಿ ಬರುತ್ತಾನೆ. ಬೇಡವೆಂದರೂ ಕೇಳುವುದಿಲ್ಲ.

ಪೆರಿನ್

ಇನ್ನೊಂದು: ನಿನ್ನ ಚಿತ್ರವನ್ನು ಒಲೆಗೆ ಹಾಕಿದೆ. ನೋಡಲು ಅಪ್ಪನಿಗೆ ಕಣ್ಣಿಲ್ಲ, ಇಟ್ಟುಕೊಂಡು ಏನು ಮಾಡಲಿ?


ಪ್ಯಾರಿಸ್
ಫೆಬ್ರವರಿ ೧೮, ೧೮೨೭, ಭಾನುವಾರ

ಪೆರಿನಕ್ಕಾ,

ಭಾವನ ವಿಷಯದಲ್ಲಿ ತಪ್ಪು ಮಾಡಿದೆ. ಅವನಿಗೆ ತಿಳಿಯದಿದ್ದರೂ ಅವನ ಹತ್ತಿರ ಕ್ಷಮೆ ಕೇಳಬೇಕು. ಹಗ್ಗ ಹಿಡಿದವನು ಶಾರ್ತ್ರ್‌ನ ಒಬ್ಬ ದಲ್ಲಾಳಿಯಂತೆ. ಅದು ಹೇಗೆ ತಿಳಿಯಿತು ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ಆಮೇಲೆ ನಿನ್ನನ್ನು ಒಂದು ಮಾತು ಕೇಳಬೇಕು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ನಾಚಿಕೆಯಾಯಿತು, ಎರಡನೆಯ ಸಲ ಅಳು ಬಂತು. ಮೂರನೆಯ ಸಲ ಒಂದು ಕಡೆ ನಿಂತುಬಿಟ್ಟೆ. ನಾನು ನಿನ್ನನ್ನು ಕೇಳಿದ್ದು ಗಂಡಸಿನ ಬೆನ್ನಿನ ವಿಷಯ. ಬಾಲದ ಹುಲ್ಲಿನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಸುಳ್ಳು ಹೇಳುವುದಿಲ್ಲ, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮುಖ ನೋಡಿದೆ, ಹೊಟ್ಟೆ ನೋಡಿದೆ, ಬಾಲ ನೋಡಲಿಲ್ಲ. ನೀನು ಯಾಕೆ ಅಷ್ಟು ಹತ್ತಿರದಿಂದ ಬಾಲವನ್ನು ನೋಡಿದೆ ಅಕ್ಕಾ? ನೋಡಿದ್ದಷ್ಟೇ ಅಲ್ಲ, ತುದಿ ಯಾವ ಕಡೆ ಸಿಕ್ಕಿಸಿದೆ ಎಂದೂ ನೋಡಿದೆ. ಯಾರೂ ಕೇಳದ ಪ್ರಶ್ನೆಗೆ ನೀನು ಉತ್ತರ ಕೊಟ್ಟಂತಿತ್ತು.

ಆ ದಿನದಿಂದ ಕಲ್ಲು ತಿಕ್ಕುವಾಗಲೂ ನನ್ನ ತಲೆಯಲ್ಲಿ ಅದೇ ಗುಂಡಗೆ ತಿರುಗುತ್ತಿತ್ತು.

ನಿನಗೆ ಮೊದಲೇ ಬರೆಯಬೇಕಾಗಿದ್ದ ಒಂದು ಸಂಗತಿ ಇದೆ. ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಬರೆಯಲು ಹೊಳೆಯಲೇ ಇಲ್ಲ. ಕಲ್ಲಿನ ಮೇಲೆ ಇದ್ದಂತೆ ಕಾಗದದ ಮೇಲೆ ಬರುವುದಿಲ್ಲ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಮ್ಮ ಬೆಣ್ಣೆ ಅಚ್ಚನ್ನು ನೆನೆಸಿಕೋ. ಮರದಲ್ಲಿ ಕೆತ್ತಿದ ಹುಂಜ ಬಾಗಿಲ ಕಡೆ ನೋಡುತ್ತಿರುತ್ತದೆ, ಬೆಣ್ಣೆಯ ಮೇಲೆ ಬಿದ್ದ ಹುಂಜ ಒಲೆಯ ಕಡೆ ನೋಡುತ್ತದೆ. ಇದೂ ಹಾಗೆಯೇ. ಸಿಪಾಯಿಗಳ ಚಿತ್ರದಲ್ಲಿ ಎಷ್ಟೋ ಸಲ ಕತ್ತಿ ತಪ್ಪು ಸೊಂಟದಲ್ಲಿ ಇರುತ್ತದೆ. ಜಾಗರೂಕ ಚಿತ್ರಗಾರರು ಮೊದಲೇ ತಿರುಗಿಸಿ ಬರೆಯುತ್ತಾರೆ. ಎಲ್ಲರೂ ಅಲ್ಲ.

ಕೊರ್ವಾಲ್ ಅವರು ತಿರುಗಿಸಿ ಬರೆಯುವವರೋ ಅಲ್ಲವೋ ಎಂದು ತಿಳಿಯಬೇಕಿತ್ತು. ನಿನಗೆ ಗೊತ್ತಲ್ಲ, ರೊಟ್ಟಿ ಅಂಗಡಿಯವಳನ್ನು ಮಾತಾಡಿಸಲೂ ನನಗೆ ಬಾಯಿ ಒಣಗುತ್ತದೆ. ಇದೇ ಹತ್ತನೇ ತಾರೀಖು ಶನಿವಾರ ಅವರು ಅಂಗಳ ದಾಟಿ ಬರುತ್ತಿದ್ದಾಗ ಮರಳಿನ ಕೈಯಲ್ಲೇ ಎದುರು ಹೋಗಿ ನಿಂತೆ.

"ಯಾರಮ್ಮ ನೀನು?" ಎಂದರು.

"ಕಲ್ಲು ತಿಕ್ಕೋಳು" ಎಂದೆ.

"ಓಹೋ, ನನ್ನ ಕುದುರೆಗಳನ್ನೆಲ್ಲ ಕೊಲ್ಲೋಳು ನೀನೇನಾ!"

ನಗಬೇಕಿತ್ತೇನೋ, ನನಗೆ ನಗು ಬರಲಿಲ್ಲ. "ಶಾರ್ತ್ರ್ ಸಂತೆ ಕುದುರೆಗೆ ಯಾವ ಕಾಲು ಬಿಳಿ ಸ್ವಾಮಿ?" ಎಂದು ಕೇಳಿದೆ.

"ಚಿತ್ರದಲ್ಲೇ ಇದೆಯಲ್ಲ, ನೋಡ್ಕೋ."

"ಚಿತ್ರದಲ್ಲಲ್ಲ. ಸಂತೇಲಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ, "ರೂಬೊ, ನಿಮ್ಮ ಕಲ್ಲು ತಿಕ್ಕೋ ಹುಡುಗಿಗಿರೋ ಕಣ್ಣು ದುಡ್ಡು ಕೊಡೋ ಸಾಹೇಬ್ರಿಗಿಲ್ಲ ನೋಡಿ!" ಎಂದು ಕೂಗಿದರು. ನನಗೆ ಹೇಳಿದರು: "ತಿರುಗಿಸಿ ಬರೆಯೋ ತಾಳ್ಮೆ ನನಗೆಲ್ಲಿದೆ? ನನ್ನ ಹೆಸರೊಂದನ್ನೇ ತಿರುಗಿಸಿ ಬರೀತೀನಿ, ಇಲ್ಲಾಂದ್ರೆ ಮಸಿ ಚೆಲ್ಲಿದೆ ಅಂದ್ಕೋತಾರೆ. ಕುದುರೆಗೆ ಎಡ ಆದ್ರೇನು, ಬಲ ಆದ್ರೇನು? ಅದೇನು ಕೋರ್ಟಿಗೆ ಹೋಗಿ ಸಾಕ್ಷಿ ಹೇಳುತ್ತಾ?"

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವರ ತಮಾಷೆ ನಿಂತಿತು. ಕೋಟಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದರು. ಸಂತೆಯಲ್ಲಿ ನಿಂತು ಸೀಸದಿಂದ ಬರೆದುಕೊಂಡ ಹಾಳೆ ಅದು. ಊರು, ತಾರೀಖು ಎಲ್ಲ ಅವರ ಕೈಬರಹದಲ್ಲಿದೆ. ಮೋಡ ಇಲ್ಲ. ಗ್ರೀವ್ ಇದ್ದಾಳೆ. ಬಿಳಿ ಇರುವುದು ಎಡ ಹಿಂಗಾಲಿಗೆ.

ಇದರಲ್ಲಿ ಬಾಲವನ್ನೂ ನೋಡಿದೆ. ಜಡೆ ಎಡಕ್ಕೆ ವಾಲಿದೆ, ತುದಿ ಎಡಗಡೆ ಸಿಕ್ಕಿದೆ.

ನಿನ್ನ ಮಾತನ್ನೇ ನಾನು ಹೇಳುತ್ತಿದ್ದೇನೆ ಅಕ್ಕಾ. ಬಿಳಿ ಬಲಗಾಲಿನಲ್ಲಿದ್ದರೆ ಕುದುರೆ ನಮ್ಮದಲ್ಲ, ಜಡೆ ಬಲಕ್ಕಿದ್ದರೆ ಕೈ ನಿನ್ನದಲ್ಲ ಎಂದೆ. ಎರಡನ್ನೂ ನೀನೇ ಒಂದೇ ಹಗ್ಗಕ್ಕೆ ಕಟ್ಟಿದೆ. ಈಗ ಕಾಲು ತಿರುಗಿದರೆ ಜಡೆಯೂ ತಿರುಗುತ್ತದೆ.

ಹಗ್ಗ ಹಿಡಿದವನು ಶಾರ್ತ್ರ್‌ನ ದಲ್ಲಾಳಿ ಎಂದು ಹೇಳಿದ್ದೂ ಕೊರ್ವಾಲ್ ಅವರೇ. ಅವನು ಬಾಲದ ಹುಲ್ಲನ್ನು ಬಿಚ್ಚಲು ಬಾರದೆ ಶಪಿಸುತ್ತಿದ್ದದ್ದು ಅವರಿಗೆ ನೆನಪಿದೆ. "ಯಾರೋ ಎಡಚಿ ಕಟ್ಟಿದ್ದು, ದೆವ್ವಕ್ಕೂ ಬಿಚ್ಚೋಕಾಗಲ್ಲ" ಎನ್ನುತ್ತಿದ್ದನಂತೆ. ಇದನ್ನು ಇಲ್ಲಿಯವರು ಯಾರೂ ತಿಳಿಯರು, ನಿನಗೂ ನನಗೂ ಗೊತ್ತು: ಬಾಲಕ್ಕೆ ಹುಲ್ಲಿಲ್ಲದ ಕುದುರೆಯ ಹಗ್ಗವನ್ನು ನಮ್ಮ ಕಡೆ ಯಾವ ದಲ್ಲಾಳಿಯೂ ಹಿಡಿಯುವುದಿಲ್ಲ. ಮನೆಯ ಹೆಂಗಸು ಅವನ ಕಣ್ಣೆದುರಿಗೇ ಹುಲ್ಲು ಹೆಣೆಯಬೇಕು. ಹೆಣೆದರೆ ಮಾರಾಟ, ಹೆಣೆಯದಿದ್ದರೆ ಕಳವು. ಜೆರ್ವೆ ಕದ್ದು ಒಯ್ದಿದ್ದರೆ ಅವಳ ಬಾಲ ಬರಿದಾಗಿರುತ್ತಿತ್ತು. ಆ ದಲ್ಲಾಳಿ ಕಳವಿನ ಕುದುರೆ ಒಯ್ಯಲಿಲ್ಲ. ಅವನ ಮಟ್ಟಿಗೆ ಮನೆಯವರೇ ಒಪ್ಪಿ ಕೊಟ್ಟ ಕುದುರೆ ಒಯ್ದ.

ಇನ್ನು ನಾನು ಮುಚ್ಚಿಟ್ಟದ್ದನ್ನು ಬರೆಯುತ್ತೇನೆ. ನೀನು ಅದನ್ನು ಎತ್ತಿ ಆಡಿದ್ದು ಒಳ್ಳೆಯದೇ ಆಯಿತು. ಗೇಟಿನ ಮಾತು ನಾನೇ ಹೇಳಿದ್ದು. ಮೊಣಕಾಲಿನಿಂದ ಎತ್ತಿ ಎಳೆದರೆ ಮಾತ್ರ ಅದು ಕಿರುಗುಟ್ಟುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಜೆರ್ವೆಗೆ ಮಾತ್ರ ಎಂದೆ. ಯಾಕೆ ಎಂದರೆ ಪೊಲೀಸರು ಬರುವ ಹಿಂದಿನ ದಿನ ಬಟ್ಟೆ ಹಿಂಡುವಾಗ ನೀನು, "ಕಮ್ಮಾರನ ಮಗಳ ಹತ್ರ ಜೆರ್ವೆಗೇನು ಅಷ್ಟೊತ್ತು ಮಾತು? ನಾನೇನೂ ಹೇಳಲ್ಲಮ್ಮ, ನೋಡಿದ್ದನ್ನ ಹೇಳಿದೆ" ಎಂದಿದ್ದೆ. ಅಷ್ಟು ಸಾಕಾಯಿತು. ಕುದುರೆ ಮಾರಿ ಅವಳ ಜೊತೆ ಓಡಿಹೋಗುತ್ತಾನೆ ಎಂದು ನಾನೇ ಕತೆ ಕಟ್ಟಿದೆ, ನಾನೇ ನಂಬಿದೆ, ಸಹಿ ಹಾಕಿದೆ. ಪೊಲೀಸರು ಅವನನ್ನು ಅಂಗಳದಿಂದ ಒಯ್ಯುವಾಗ ಅವನು, "ಗ್ರೀವ್‌ಗೆ ರಾತ್ರಿ ಬಿಸಿ ಹೊಟ್ಟು ಹಾಕ್ಬೇಕು, ಹೊಟ್ಟೇಲಿ ಮರಿ ಇದೆ, ಸಿಕ್ಕಿದ್ರೆ ಮರೀಬೇಡ" ಎಂದಷ್ಟೇ ಹೇಳಿದ. ಕದ್ದವನು ಹಾಗೆ ಹೇಳುತ್ತಾನೆಯೇ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು. ನಾಟಕ ಎಂದುಕೊಂಡೆ. ಅನುಮಾನ ಹತ್ತಿದ ಮೇಲೆ ಒಳ್ಳೆಯ ಮಾತೇ ಹೆಚ್ಚು ಕೆಟ್ಟದಾಗಿ ಕೇಳಿಸುತ್ತದೆ.

ನಿನಗೂ ಒಂದು ನ್ಯಾಯ ಇದೆ, ಅದನ್ನು ಇಲ್ಲವೆನ್ನಲಾರೆ. ಅಮ್ಮ ಹೋದ ಮೇಲೆ ಮನೆ, ಲಾಯ, ಅಪ್ಪನ ಕಣ್ಣು ಎಲ್ಲವನ್ನೂ ಹೊತ್ತವಳು ನೀನು. ನಾನು ಬೇಲಿಗೆ ಒರಗಿ ನಿಂತದ್ದು ನಿಜ. "ಮದುವೆ ದಿನ ಗ್ರೀವ್ ಯುಲಾಲಿ ಜೊತೆ ಹೋಗ್ತಾಳೆ, ಹೊಟ್ಟೇಲಿರೋದೂ ಅವಳದೇ" ಎಂದು ಅಪ್ಪ ಹೇಳಿದ ದಿನ ನೀನು ಊಟಕ್ಕೆ ಕೂರಲಿಲ್ಲ. ಹಲ್ಲುನೋವು ಎಂದೆ. ನಾನು ಲವಂಗ ತಂದು ಕೊಟ್ಟೆ. ನೀನು ಇಸಿದುಕೊಂಡು ಹಲ್ಲಿಗೆ ಇಟ್ಟುಕೊಂಡೆ. "ನನಗೂ ಆ ಕುದುರೆಯ ಮೇಲೆ ಹಕ್ಕಿದೆ" ಎಂದು ಅವತ್ತು ಒಂದು ಮಾತು ಆಡಿದ್ದರೆ ನಾನು ಬಿಟ್ಟುಕೊಡುತ್ತಿದ್ದೆನೋ ಏನೋ. ಕೊಡುತ್ತಿದ್ದೆ ಎಂದು ಈಗ ಬರೆಯುವುದು ಸುಲಭ.

ಜೆರ್ವೆಯನ್ನು ಜೈಲಿಗೆ ಕಳಿಸಬೇಕೆಂದು ನೀನು ಮಾಡಿರಲಿಕ್ಕಿಲ್ಲ. ಕುದುರೆ ಹೋಯಿತು, ಮದುವೆ ಮುಂದಕ್ಕೆ ಹೋಗಲಿ ಎಂದಷ್ಟೇ ಇದ್ದಿರಬಹುದು. ಪೊಲೀಸರು ಬಂದಾಗ, ನಾನು ಬಾಯಿ ಬಿಟ್ಟಾಗ, ನಿನಗೆ ಹಿಂದಕ್ಕೆ ಬರಲು ದಾರಿ ಇಲ್ಲದಂತಾಯಿತು. ಹೀಗೆ ನಂಬಲು ಇಷ್ಟಪಡುತ್ತೇನೆ. ಆದರೆ ಕಮ್ಮಾರನ ಮಗಳ ಮಾತನ್ನು ಸರಿಯಾಗಿ ಹಿಂದಿನ ದಿನವೇ ಯಾಕೆ ಹೇಳಿದೆ ಎಂದು ಇನ್ನೊಂದು ಮನಸ್ಸು ಕೇಳುತ್ತದೆ. ಅದರ ಬಾಯಿಯನ್ನು ನೀನೇ ಮುಚ್ಚಿಸಬೇಕು, ನನ್ನಿಂದ ಆಗುತ್ತಿಲ್ಲ.

ನಿನ್ನೆ ಆ ಕಲ್ಲು ತಿಕ್ಕಲು ನನ್ನ ಬಳಿಗೇ ಬಂತು. ಬೇರೆ ಯಾರಿಗೂ ಕೊಡಲಿಲ್ಲ, ನಾನೇ ತಿಕ್ಕಿದೆ. ಮೊದಲು ಮೋಡ ಹೋಯಿತು, ಆಮೇಲೆ ದಲ್ಲಾಳಿಯ ಟೋಪಿ, ಆಮೇಲೆ ಹೊಟ್ಟೆ. ಕಣ್ಣು ಬಹಳ ಹೊತ್ತು ಹೋಗಲಿಲ್ಲ. ಅಲ್ಲಿ ಬಳಪ ಒತ್ತಿ ಬರೆದಿದ್ದರು. ಬಿಳಿ ಕಾಲಿನ ಹತ್ತಿರ ತಿಕ್ಕಲು ಏನೂ ಇರಲಿಲ್ಲ. ಬಿಳಿ ಎಂದರೆ ಅಲ್ಲಿ ಬಳಪವೇ ತಾಗಿರಲಿಲ್ಲ, ಬರಿಯ ಕಲ್ಲು. ಅಷ್ಟು ದಿನ ನಾವಿಬ್ಬರೂ ಆಡಿದ ಜಗಳವೆಲ್ಲ ಏನೂ ಬರೆಯದ ಆ ಜಾಗದ ಮೇಲೆ.

ಸಂಜೆ ಕೆಲಸ ಬಿಟ್ಟ ಮೇಲೆ ಗಾಡಿ ಕುದುರೆಗಳ ಲಾಯಗಳ ಮುಂದೆ ಹಾದು ಹೋಗುತ್ತೇನೆ. ಎಲ್ಲದರ ಹಿಂಗಾಲು ನೋಡುತ್ತೇನೆ. ಅವಳು ಇನ್ನೂ ಸಿಕ್ಕಿಲ್ಲ.

ನಾನು ಮಾರ್ಚ್ ಎರಡಕ್ಕೆ ಇಲ್ಲಿಂದ ಹೊರಡುತ್ತೇನೆ. ಚಿಕ್ಕಮ್ಮ ಅಲಾಂಸೊಂ ತನಕ ಜೊತೆಗೆ ಬರುತ್ತಾಳೆ. ನ್ಯಾಯಾಧೀಶರ ಮುಂದೆ ಗೇಟಿನ ಮಾತು ಸುಳ್ಳೆಂದು ಹೇಳುತ್ತೇನೆ. ಒಳಗೆ ಕೂರಿಸಿದರೆ ಕೂರಿಸಲಿ. ಜೆರ್ವೆ ಕೂತ ಜಾಗದಲ್ಲಿ ಕೂರಲು ನನಗೆ ಅರ್ಹತೆ ಇದೆ. ಕೊರ್ವಾಲ್ ಅವರು ಪುಸ್ತಕದಿಂದ ಆ ಹಾಳೆಯನ್ನು ಹರಿದು ನನಗೇ ಕೊಟ್ಟಿದ್ದಾರೆ. ಅದನ್ನು ಮೇಜಿನ ಮೇಲೆ ಇಡುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಆದರೆ ಅಲ್ಲಿ ನಮ್ಮ ಕಡೆಯ ರೈತರೂ ಕೂತಿರುತ್ತಾರೆ, ಅವರು ಪ್ಯಾರಿಸಿನವರಲ್ಲ. ಬಾಲದ ಹುಲ್ಲು ಓದಲು ಅವರಿಗೆ ಬರುತ್ತದೆ.

ಅದಕ್ಕೆ ಮೊದಲೇ ನೀನು ಹೋಗಿ ಹೇಳಿದರೆ ಅದು ಕಳವಿನ ಕತೆಯೇ ಆಗುವುದಿಲ್ಲ. ಮನೆಯ ಮಗಳು ಮನೆಯ ಕುದುರೆ ಮಾರಿದಳು, ಹೇಳಲು ಹೆದರಿದಳು, ಅಷ್ಟೇ. ಜನ ನಾಲ್ಕು ದಿನ ನಗುತ್ತಾರೆ. ನಾನು ಹಾಳೆ ತೋರಿಸಿದ ಮೇಲೆ ಹೇಳಿದರೆ ನಗುವುದಿಲ್ಲ. ನಾನು ಕೇಳಬೇಕೆಂದಿದ್ದ ಮಾತು ಇದೊಂದೇ: ಹೋಗುತ್ತೀಯಾ?

ಏನಾದರೂ ನೀನು ನನ್ನ ಅಕ್ಕನೇ. ನನಗೆ ಓದು ಬರಹ ಕಲಿಸಲು ಸನ್ಯಾಸಿನಿಯರ ಬಳಿಗೆ ನಾಲ್ಕು ಚಳಿಗಾಲ ಕೈ ಹಿಡಿದು ಕರೆದೊಯ್ದವಳು ನೀನು. ಆ ಅಕ್ಷರದಲ್ಲೇ ಇದನ್ನು ಬರೆಯಬೇಕಾಗಿ ಬಂತು. ಅಲ್ಲಲ್ಲಿ ಅಕ್ಷರ ಕೆಟ್ಟಿದ್ದರೆ ಬೈಯಬೇಡ.

ನಿನ್ನ ತಂಗಿ,
ಯುಲಾಲಿ

ಮರೆತ ಮಾತು: ಕಳೆದ ಸೋಮವಾರ ಮೊರ್ತಾನ್ಯ ಕಡೆ ಹೋಗುವ ಗಾಡಿಯವನ ಕೈಯಲ್ಲಿ ಅಪ್ಪನಿಗೆ ಒಂದು ಪೊಟ್ಟಣ ಕಳಿಸಿದೆ. ಅದರಲ್ಲಿ ನೀನು ಓದಿ ಹೇಳಬೇಕಾದ ಕಾಗದ ಇಲ್ಲ. ಒಂದು ಗೇಣು ಉದ್ದದ ಹುಲ್ಲಿನ ಜಡೆ ಇದೆ, ಸಂತೆಯ ಹಾಳೆ ನೋಡಿಕೊಂಡು ನಾನೇ ಹೆಣೆದದ್ದು. ಸಂತೆಯಲ್ಲಿ ಗ್ರೀವ್ ಬಾಲಕ್ಕೆ ಇದ್ದದ್ದು ಹೀಗೇ ಎಂದು ಅಪ್ಪನಿಗೆ ಬಾಯಲ್ಲೇ ಹೇಳಲು ಗಾಡಿಯವನಿಗೆ ತಿಳಿಸಿದ್ದೇನೆ. ನನ್ನ ಕೈ ಅಮ್ಮನಂತೆ ಬಲಕ್ಕೇ ಎಳೆಯುತ್ತಿತ್ತು, ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಚಿಕ್ಕಮ್ಮನ ಕನ್ನಡಿಯ ಮುಂದೆ ಕೂತು, ಕೈ ನೋಡದೆ ಕನ್ನಡಿಯನ್ನೇ ನೋಡುತ್ತ ಹೆಣೆದೆ. ನಿನ್ನಂತೆಯೇ ಬಂದಿದೆ. ಈ ಪತ್ರ ನಿನ್ನ ಕೈಗೆ ಬರುವ ಹೊತ್ತಿಗೆ ಅಪ್ಪ ಅದನ್ನು ಮುಟ್ಟಿ ನೋಡಿರುತ್ತಾನೆ.